ನವಜಾತ ಶಿಶುವಿನ ಕಾಮಾಲೆ ಮತ್ತು ಯಕೃತ್ತಿನ ಕಿಣ್ವ

ಹುಟ್ಟಿದ ಎರಡನೆಯ ಅಥವಾ ಮೂರನೆಯ ದಿನ ಅನೇಕ ಹಸುಗೂಸುಗಳ ಮುಖ ಹಳದಿಯಾಗುವುದನ್ನು ತಾಯಂದಿರು ಬಲ್ಲರು. ಬಾಣಂತಿಯ ಪಥ್ಯ ತಪ್ಪಿದ್ದೇ ಇದಕ್ಕೆ ಕಾರಣವೆಂದು ದೂರುವವರುಂಟು. ಅದು ಸರಿಯಲ್ಲ. ಸಾಮಾನ್ಯವಾಗಿ ಇದರ ಕಾರಣವು ಶಿಶುವಿನ ಯಕೃತ್ತಿನ ಜೀವಕೋಶಗಳಲ್ಲಿಯೇ ಇರುತ್ತದೆ.

ದೇಹದ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ವಸ್ತುಗಳೇ ಕಿಣ್ವಗಳು. ಜೀವಕೋಶವು ಇವೆಲ್ಲವನ್ನೂ ಸದಾಕಾಲ ಒಂದೇ ಪ್ರಮಾಣದಲ್ಲಿ ದುಡಿಸುವುದಿಲ್ಲ. ಕೆಲವನ್ನು ಸಿದ್ಧವಾಗಿಟ್ಟುಕೊಂಡು ಬೇಕಾದಾಗ ಮಾತ್ರ ಚುರುಕುಗೊಳಿಸುತ್ತದೆ; ಮತ್ತೆ ಕೆಲವನ್ನು ಅಗತ್ಯ ಬೀಳುವವರೆಗೆ ಅತ್ಯಲ್ಪವಾಗಿ ತಯಾರಿಸುತ್ತದೆ. ಕಾಮಾಲೆಗೆ ಸಂಬಂಧಿಸಿದ ಕಿಣ್ವವು ಈ ಎರಡನೆಯ ಬಗೆಗೆ ಸೇರಿದ್ದು.

ಹಳೆಯ ಕೆಂಪು ರಕ್ತಕಣಗಳು ನಾಶವಾದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದು ನೀರಿನಲ್ಲಿ ಕರಗದು. ಯಕೃತ್ತಿನ ಕಿಣ್ವವು ಅದಕ್ಕೆ ಒಂದು ಆಮ್ಲವನ್ನು ಜೋಡಿಸಿ ಕರಗುವಂತೆ ಮಾಡಿದ ಮೇಲೆ, ಪಿತ್ತರಸದೊಡನೆ ಕರುಳನ್ನು ಸೇರಿ ಮಲದಲ್ಲಿ ಹೊರಬೀಳುತ್ತದೆ. ಗರ್ಭದಲ್ಲಿರುವ ಶಿಶುವಿಗೆ ಈ ಕೆಲಸ ಬೇಕಿಲ್ಲ. ಕರಗದ ಬಿಲಿರುಬಿನ್ ಮಾಸನ್ನು ದಾಟಿ ತಾಯಿಯ ರಕ್ತವನ್ನು ಸೇರುತ್ತದೆ. ಉಳಿದುದನ್ನು ಆಕೆಯ ಯಕೃತ್ತು ನೋಡಿಕೊಳ್ಳುತ್ತದೆ. ಶಿಶುವೇ ಅದನ್ನು ಕರಗುವ ರೂಪಕ್ಕೆ ತಂದಿದ್ದರೆ ಅದು ಮಾಸನ್ನು ಸುಲಭವಾಗಿ ದಾಟುತ್ತಿರಲಿಲ್ಲ. ಆದುದರಿಂದ ಇದನ್ನು ಕೊರತೆ ಎನ್ನುವುದಕ್ಕಿಂತ ಪ್ರಕೃತಿಯ ಏರ್ಪಾಡು ಎನ್ನುವುದೇ ಯುಕ್ತ. ದಿನ ತುಂಬಿ ಹುಟ್ಟಿದ ಶಿಶುವಿನಲ್ಲಿಯೂ ಈ ಕಿಣ್ವದ ಶಕ್ತಿ ವಯಸ್ಕರಲ್ಲಿರುವುದರ ಶೇಕಡಾ 1ರಷ್ಟು ಮಾತ್ರ. ಜನನಾನಂತರ ಜೀವಕೋಶಗಳು ಅದರ ತಯಾರಿಕೆಯನ್ನು ಹೆಚ್ಚಿಸುತ್ತವೆ; ವಯಸ್ಕರ ಮಟ್ಟ ಮುಟ್ಟಲು ಸುಮಾರು 14 ವಾರಗಳು ಬೇಕು. ಕಾಮಾಲೆಯಾದರೋ ಹೆಚ್ಚಿನ ಶಿಶುಗಳಲ್ಲಿ ಎರಡು ವಾರಗಳೊಳಗೇ ಇಳಿದುಹೋಗುತ್ತದೆ.

ಶಿಶುವಿನ ಕರುಳಿನಲ್ಲಿ ಮತ್ತೊಂದು ಕಿಣ್ವವಿದ್ದು, ಅದು ಜೋಡಿಸಿದ ಆಮ್ಲವನ್ನು ಪುನಃ ಬಿಡಿಸುತ್ತದೆ. ಮಲ ಸರಾಗವಾಗಿ ಹೋಗದಿದ್ದಲ್ಲಿ ಬಿಲಿರುಬಿನ್ ರಕ್ತಕ್ಕೆ ಮರಳುವುದು. ದಿನಕ್ಕೆ 8ರಿಂದ 12 ಬಾರಿ ಎದೆಹಾಲು ಕುಡಿಸಬೇಕೆನ್ನುವುದು ಇದಕ್ಕಾಗಿಯೇ. ಸಕ್ಕರೆ ನೀರಿನಿಂದಾಗಲಿ ನಾಟಿ ಔಷಧಿಯಿಂದಾಗಲಿ ಪ್ರಯೋಜನವಿಲ್ಲ.

ಬಿಲಿರುಬಿನ್ ಮಿತಿಮೀರಿದರೆ ಮಿದುಳನ್ನು ಹೊಕ್ಕು ಕಿವುಡುತನವನ್ನೂ ಅಂಗಗಳ ಶಾಶ್ವತ ದೌರ್ಬಲ್ಯವನ್ನೂ ತರಬಲ್ಲದು. ಆಸ್ಪತ್ರೆಯಲ್ಲಿ ಶಿಶುವನ್ನು ನೀಲಿ ಬೆಳಕಿನಡಿ ಮಲಗಿಸುತ್ತಾರೆ. ಬೆಳಕು ಬಿಲಿರುಬಿನ್‌ನ ರಚನೆಯನ್ನೇ ಬದಲಿಸುವುದರಿಂದ ಕಿಣ್ವದ ನೆರವಿಲ್ಲದೆಯೂ ಅದು ದೇಹದಿಂದ ಹೊರಹೋಗುತ್ತದೆ. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ವೈದ್ಯರು 1958ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಮೂಲವಾದುದು, ಎಳೆಬಿಸಿಲಿಗೆ ಒಡ್ಡಿದ ಶಿಶುವಿನ ಹಳದಿ ಬಣ್ಣ ಇಳಿದುದನ್ನು ಗಮನಿಸಿದ ಅಲ್ಲಿನ ದಾದಿಯೊಬ್ಬರ ಸೂಕ್ಷ್ಮದೃಷ್ಟಿ. ಹಾಗೆಂದು ಮನೆಯ ಬಿಸಿಲನ್ನೇ ನಂಬಿ ಕುಳಿತಿರುವುದು ಸಲ್ಲದು.

ಮೊದಲ 24 ಗಂಟೆಗಳೊಳಗೆ ಹಳದಿ ಕಾಣಿಸಿದರೆ, ಅಂಗೈ ಅಂಗಾಲುಗಳಿಗೂ ಹರಡಿದರೆ, ಶಿಶು ಮಂಕಾಗಿ ಹಾಲು ಬಿಟ್ಟರೆ, ಮಲ ಬಿಳುಪಾಗಿದ್ದರೆ, ಅಥವಾ ಎರಡು ವಾರ ಕಳೆದರೂ ಕಾಮಾಲೆ ಇಳಿಯದಿದ್ದರೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.