ಕೊರಳಿನ ಕಲೆಗೆ ಸುಣ್ಣ ಬೇಡ

ಶಹಾಪುರದ ಕಡೆ ಮೇ ತಿಂಗಳೆಂದರೆ ಹಂದರದ ನೆರಳಿನಲ್ಲಿ ಕೂತವರೂ ಅಂಗಿಯ ಗುಂಡಿ ಬಿಚ್ಚಿ ಗಾಳಿ ಬೀಸಿಕೊಳ್ಳುವ ಕಾಲ. ಮದುವೆ ಮುಗಿದು ಮೂರು ದಿನವಾಗಿದ್ದ ಮನೆಯಲ್ಲಿ ಮದುಮಗ ಮಾತ್ರ ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ಊಟಕ್ಕೆ ಬಾಗಿದಾಗ ಅದು ಜಾರಿತು.

‘ಏನೋ ತಮ್ಮಾ, ಕೊಳ್ಳಾಗ ಏನಾಗ್ಯಾದ?’

‘ಏನಿಲ್ಲ ಚಿಗವ್ವ, ಹುಳ ಕಡದದ.’

ಚಿಗವ್ವ ಸಂಚಿ ಬಿಚ್ಚಿ ಡಬ್ಬಿ ತೆಗೆದು ಬೆರಳ ತುದಿಯಲ್ಲಿ ಸುಣ್ಣ ಹಚ್ಚಿಯೇ ಬಿಟ್ಟಳು. ಸುತ್ತ ಕೂತವರಲ್ಲಿ ಅರ್ಧ ಜನಕ್ಕೆ ವಿಷಯ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮರುದಿನ ಕಲೆಯ ಪಕ್ಕ ಸುಟ್ಟ ಗುಳ್ಳೆಯೂ ಎದ್ದಿತ್ತು. ಸುಣ್ಣ ಕ್ಷಾರ, ಕೊರಳಿನ ತೆಳು ಚರ್ಮ ಅದನ್ನು ತಡೆಯುವುದಿಲ್ಲ.

ಈಗಿನ ಹುಡುಗರು ‘ಲವ್ ಬೈಟ್’ ಅನ್ನುವ ಈ ಕಲೆ ಹೆಚ್ಚಾಗಿ ಹಲ್ಲಿನದಲ್ಲ, ತುಟಿಯದು. ಒಂದೇ ಕಡೆ ಜೋರಾಗಿ ಹೀರಿದಾಗ ಚರ್ಮದಡಿಯ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಒಡೆದು ರಕ್ತ ಅಲ್ಲೇ ಹರಡಿ ನಿಲ್ಲುತ್ತದೆ. ಬಾಗಿಲಿಗೆ ಮೊಣಕಾಲು ಬಡಿದಾಗ ಆಗುವ ಒಳಪೆಟ್ಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ನಿಂತ ರಕ್ತವನ್ನು ದೇಹ ತಾನೇ ಕರಗಿಸುತ್ತದೆ. ಕೆಂಪು ಕಲೆ ನೀಲಿಗಟ್ಟುತ್ತದೆ. ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹಸಿರು, ಅದು ಬಿಲಿರುಬಿನ್ ಆದಾಗ ಹಳದಿ. ಕಾಮಣಿಯಾದವರ ಕಣ್ಣು ಹಳದಿಯಾಗುವುದೂ ಇದೇ ಬಿಲಿರುಬಿನ್‌ನಿಂದ. ಇಷ್ಟಕ್ಕೆಲ್ಲ ಒಂದರಿಂದ ಎರಡು ವಾರ ಬೇಕು. ಬಿಸಿಲಲ್ಲಿ ದುಡಿದ ನಮ್ಮ ಕಪ್ಪು ಮೈಯಲ್ಲಿ ಈ ಬಣ್ಣಗಳು ಎದ್ದು ಕಾಣುವುದಿಲ್ಲ, ಕಲೆ ಬರೀ ಕಪ್ಪು ಮಚ್ಚೆಯಂತೆ ತೋರುತ್ತದೆ. ಹುಳದ ಸುಳ್ಳು ನಂಬಿಕೆಯಾಗುವುದು ಅದಕ್ಕೇ.

ಹಿಂದಿನವರಿಗೆ ಇಷ್ಟು ಸಂಕೋಚ ಇರಲಿಲ್ಲ. ಕಾಮಸೂತ್ರ ಬರೆದ ವಾತ್ಸ್ಯಾಯನ ಹಲ್ಲಿನ ಗುರುತುಗಳಲ್ಲೇ ಎಂಟು ಬಗೆ ಎಣಿಸಿದ್ದಾನೆ. ಗಾಯವಿಲ್ಲದೆ ಬರೀ ಕೆಂಪಿನಿಂದ ಗೊತ್ತಾಗುವುದು ‘ಗೂಢಕ’. ಹನ್ನೊಂದನೆಯ ಶತಮಾನದಲ್ಲಿ, ಶಹಾಪುರದ ಈ ಸಗರ ನಾಡು ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ, ಚಂದ್ರರಾಜ ಕನ್ನಡದಲ್ಲೇ ‘ಮದನತಿಲಕ’ ಎಂಬ ಕಾಮಶಾಸ್ತ್ರ ಬರೆದ. ನಮ್ಮ ಹಳೆಯ ಕವಿಗಳಿಗೆ ದಂತಕ್ಷತ, ನಖಕ್ಷತ ವರ್ಣನೆಯ ವಸ್ತು. ನಮಗೆ ಮಾತ್ರ ಅದು ಟವೆಲ್ಲಿನಡಿಯ ಗುಟ್ಟು.

ಇನ್ನು ಮದ್ದು. ನಿಜ ಹೇಳಬೇಕೆಂದರೆ ಒಂದೇ ರಾತ್ರಿಯಲ್ಲಿ ಕಲೆ ಅಳಿಸುವ ಮದ್ದಿಲ್ಲ. ಮೊದಲ ದಿನ ತಣ್ಣಗಿನದು: ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಹಗುರವಾಗಿ ಇಟ್ಟು ತೆಗೆಯಿರಿ, ಫ್ರಿಜ್ ಇಲ್ಲದಿದ್ದರೆ ಗಡಿಗೆಯ ನೀರಿನಲ್ಲಿ ಅದ್ದಿದ ಬಟ್ಟೆಯೂ ಆದೀತು. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಎರಡು ದಿನ ಕಳೆದ ಮೇಲೆ ಬೆಚ್ಚಗಿನ ಬಟ್ಟೆಯ ಶಾಖ. ನೋವಿದ್ದರೆ ಪ್ಯಾರಾಸಿಟಮಾಲ್, ಆಸ್ಪಿರಿನ್ ಬೇಡ, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ನಾಣ್ಯದಿಂದ ಗೀರುವುದು, ಬ್ರಷ್‌ನಿಂದ ತಿಕ್ಕುವುದು, ಟೂತ್‌ಪೇಸ್ಟ್ ಬಳಿಯುವುದು ಮೊಬೈಲಿನಲ್ಲಿ ಓಡಾಡುವ ಪರಿಹಾರಗಳು. ತಿಕ್ಕಿದಷ್ಟೂ ಇನ್ನಷ್ಟು ನಾಳ ಒಡೆಯುತ್ತವೆ. ಮುಚ್ಚಲೇಬೇಕೆಂದರೆ ಸೆರಗಿದೆ, ಕಾಲರ್ ಇದೆ, ಮೈಬಣ್ಣಕ್ಕೆ ಒಪ್ಪುವ ಕ್ರೀಮ್ ಇದೆ.

ಲವ್ ಬೈಟ್‌ನಿಂದ ಪಾರ್ಶ್ವವಾಯು ಬರುತ್ತದೆಂಬ ಸುದ್ದಿ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತದೆ. ಪೂರ್ತಿ ಸುಳ್ಳಲ್ಲ. ನ್ಯೂಜಿಲೆಂಡಿನಲ್ಲಿ 44 ವರ್ಷದ ಮಹಿಳೆಯೊಬ್ಬರ ಕತ್ತಿನ ಮುಖ್ಯ ರಕ್ತನಾಳಕ್ಕೆ ಹೀಗೆ ಪೆಟ್ಟಾಗಿ, ಹೆಪ್ಪುಗಟ್ಟಿದ ರಕ್ತದಿಂದ ತೋಳಿನ ಶಕ್ತಿ ಕುಂದಿದ ಪ್ರಕರಣವನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ಅಪರೂಪದಲ್ಲಿ ಅಪರೂಪ ಅದು, ಹೆದರಿ ಕೂರಬೇಕಿಲ್ಲ. ಆದರೆ ಕೈಕಾಲು ಬಲಗುಂದಿದರೆ, ಮಾತು ತೊದಲಿದರೆ ದವಾಖಾನೆಗೆ ಹೋಗಲು ತಡಮಾಡಬಾರದು. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಇದ್ದವರಿಂದ ಆ ಸೋಂಕು ಹರಡುವುದು ಪಾರ್ಶ್ವವಾಯುವಿಗಿಂತ ಹೆಚ್ಚು ಸಾಮಾನ್ಯ.

ಒಲ್ಲೆ ಅಂದ ಮೇಲೂ ಮೂಡಿಸಿದ ಗುರುತು ಪ್ರೀತಿಯದಲ್ಲ, ಹಲ್ಲೆಯದು. ಗಂಡನೇ ಆಗಿರಲಿ, ಮಹಿಳಾ ಸಹಾಯವಾಣಿ 181ಕ್ಕೆ ಹೇಳಬಹುದು.

ಯಾರೂ ಮುಟ್ಟದೆಯೇ ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಏಳುತ್ತಿದ್ದರೆ, ಜ್ವರದ ಜೊತೆ ಬಂದರೆ, ವಸಡಿನಲ್ಲಿ ರಕ್ತ ಒಸರಿದರೆ ಅದು ಬೇರೆಯೇ ಮಾತು. ಡೆಂಗಿಯಿರಬಹುದು, ಪ್ಲೇಟ್‌ಲೆಟ್ ಇಳಿದಿರಬಹುದು, ರಕ್ತದ ಕಾಯಿಲೆಯೇ ಇರಬಹುದು. ಆಗ ದವಾಖಾನೆಗೆ ಹೋಗಿ ರಕ್ತ ತಪಾಸಣೆ ಮಾಡಿಸಿ. ಡಾಕ್ಟರ ಮುಂದೆ ಮಾತ್ರ ‘ಹುಳ ಕಡದದ’ ಅನ್ನಬೇಡಿ.