ಬ್ಯಾಟರಿ ತಂತಿ ಬಿಚ್ಚಿದರೆ ಎಂಜಿನ್ ದೀಪ ಆರುತ್ತದೆಯೇ?

ಪ್ರಶ್ನೆ: ಕಾರಿನ ಚೆಕ್ ಎಂಜಿನ್ ದೀಪ ಆರುತ್ತಲೇ ಇಲ್ಲ. ಬ್ಯಾಟರಿ ತಂತಿ ಬಿಚ್ಚಿ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ದೀಪವೇನೋ ಆರಬಹುದು, ದೋಷ ಹೋಗುವುದಿಲ್ಲ. ಹಳೆಯ ಕಾರುಗಳಲ್ಲಿ ನೆಗೆಟಿವ್ ತಂತಿಯನ್ನು ಸ್ವಲ್ಪ ಹೊತ್ತು ಬಿಚ್ಚಿಟ್ಟರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ದೋಷದ ಕೋಡ್ ಮರೆಯುತ್ತಿತ್ತು. ಹೊಸವುಗಳಲ್ಲಿ ಅನೇಕ ಕೋಡ್‌ಗಳು ಕರೆಂಟ್ ಇಲ್ಲದೆಯೂ ಉಳಿಯುತ್ತವೆ. ಜೊತೆಗೆ ಐಡಲ್, ಪೆಟ್ರೋಲ್ ಹೊಂದಾಣಿಕೆಯ ಕಲಿಕೆಯೂ ಅಳಿಸಿಹೋಗಿ ಎಂಜಿನ್ ಕೆಲಕಾಲ ತಡವರಿಸಬಹುದು. ಅದರ ಬದಲು, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ದೋಷ ಪತ್ತೆಯ) ಸಾಕೆಟ್‌ಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದಿ. ಅಳಿಸುವ ಮುನ್ನ ಕೋಡ್ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ಬೇಕಾದ ಸುಳಿವು ಅದೇ. ಉದಾಹರಣೆಗೆ, ಪಿ0301 ಎಂದರೆ ಒಂದನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಪ್ಲಗ್, ಕಾಯಿಲ್ ನೋಡದೆ ಅಳಿಸಿದರೆ ದೀಪ ಮತ್ತೆ ಹಾಜರ್! ಅದು ಮಿನುಗುತ್ತಿದ್ದರಂತೂ ಗಾಡಿ ಓಡಿಸಲೇಬೇಡಿ: ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಸೇರಿ, ಆ ದುಬಾರಿ ಭಾಗವನ್ನೇ ಸುಟ್ಟುಹಾಕೀತು.