ಗಾಳಿ, ನೀರು ಮತ್ತು ಬರೆಯುವ ಮೇಜು: ಫೆಂಗ್ ಶುಯಿಯ ಕಾಳು-ಹೊಟ್ಟು

ಒಂದು ಕೋಣೆಯನ್ನು ಹೊಕ್ಕೊಡನೆ ಕೆಲಸಕ್ಕೆ ಕೂರಬೇಕೆಂಬ ಹುರುಪು ಮೂಡುವುದುಂಟು. ಇನ್ನೊಂದರಲ್ಲಿ ಪುಸ್ತಕ ತೆರೆದ ಹತ್ತು ನಿಮಿಷಕ್ಕೇ ಮನಸ್ಸು ಚದರುವುದುಂಟು. ಸ್ಥಳವು ಮನುಷ್ಯನ ಮೇಲೆ ಬೀರುವ ಈ ಪ್ರಭಾವವನ್ನು ನಿಯಮಗಳಲ್ಲಿ ಹಿಡಿದಿಡಲು ಹೊರಟ ಪ್ರಾಚೀನ ಪ್ರಯತ್ನಗಳಲ್ಲಿ ಚೀನಾದ ಫೆಂಗ್ ಶುಯಿ ಒಂದು. ಇಂದು ಅದು ನಮ್ಮ ಪೇಟೆಯ ಅಂಗಡಿಗಳಲ್ಲಿ ನಗುವ ಬುದ್ಧ, ಗಾಳಿಗಂಟೆ, ನಾಣ್ಯ ಕಚ್ಚಿದ ಕಪ್ಪೆಗಳ ರೂಪದಲ್ಲಿ ದೊರೆಯುತ್ತದೆ. ಪರೀಕ್ಷೆ ಸಮೀಪಿಸಿದಾಗ ಇವುಗಳಿಗೆ ಹಣ ತೆರುವವರೂ ಇದ್ದಾರೆ, ಅಂಕ ಕಡಿಮೆಯಾದಾಗ ಮೇಜಿನ ದಿಕ್ಕನ್ನು ದೂರುವವರೂ ಇದ್ದಾರೆ. ಆದುದರಿಂದ ಈ ಪದ್ಧತಿಯಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂದು ತೂರಿ ನೋಡುವುದು ವಿದ್ಯಾರ್ಥಿಗಳಿಗೆ ಉಚಿತವಾದೀತು.

‘ಫೆಂಗ್’ ಎಂದರೆ ಗಾಳಿ, ‘ಶುಯಿ’ ಎಂದರೆ ನೀರು. ಮನೆ ಕಟ್ಟುವವರು ನಮ್ಮಲ್ಲಿ ‘ಗಾಳಿ ಬೆಳಕು ಚೆನ್ನಾಗಿರಬೇಕು’ ಎನ್ನುವ ಮಾತಿಗೆ ಇದು ದೂರದ ನಂಟಿನಂತೆ ಕೇಳಿಸುತ್ತದೆ. ಗುವೊ ಪು (276–324) ಎಂಬ ವಿದ್ವಾಂಸನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಜಾಂಗ್ ಶು’ ಎಂಬ ಗ್ರಂಥವು ಈ ಪದ್ಧತಿಯ ಮೂಲಗಳಲ್ಲೊಂದು. ‘ಛೀ’ ಎಂಬ ಜೀವಚೈತನ್ಯವನ್ನು ಗಾಳಿಯು ಚದುರಿಸುತ್ತದೆ, ನೀರು ತಡೆದು ನಿಲ್ಲಿಸುತ್ತದೆ ಎಂಬುದು ಅದರ ತಿರುಳು. ಕುತೂಹಲದ ಸಂಗತಿಯೆಂದರೆ, ಆ ಗ್ರಂಥದ ವಿಷಯ ಬದುಕಿರುವವರ ಮನೆಯಲ್ಲ; ಸತ್ತವರ ಸಮಾಧಿಗೆ ತಕ್ಕ ನೆಲದ ಆಯ್ಕೆ. ಮುಂದೆ ಬೆಟ್ಟ-ಹೊಳೆಗಳ ಆಕಾರವನ್ನು ನೋಡುವ ಪಂಥವೊಂದು, ದಿಕ್ಸೂಚಿಯಿಂದ ದಿಕ್ಕನ್ನು ಗಣಿಸುವ ಪಂಥವೊಂದು ಹೀಗೆ ಎರಡು ಕವಲುಗಳು ಬೆಳೆದವು.

ಆಕಾರದ ಪಂಥದ ಪ್ರಕಾರ ಉತ್ತಮ ನಿವೇಶನದ ಬೆನ್ನಿಗೆ ಬೆಟ್ಟವಿರಬೇಕು, ಇಕ್ಕೆಲಗಳಲ್ಲಿ ತಗ್ಗಾದ ದಿಣ್ಣೆಗಳಿರಬೇಕು, ಮುಂದೆ ಬಯಲೂ ನೀರೂ ಇರಬೇಕು, ಮುಖ ದಕ್ಷಿಣಕ್ಕಿರಬೇಕು. ಉತ್ತರದಿಂದ ಕೊರೆಯುವ ಚಳಿಗಾಳಿ ಬೀಸುವ, ದಕ್ಷಿಣದಿಂದ ಬಿಸಿಲು ಬೀಳುವ ನಾಡಿನಲ್ಲಿ ಇದು ಶುದ್ಧ ವಿವೇಕ.

ಇದೇ ಚಿತ್ರವನ್ನು ಕೋಣೆಯೊಂದಕ್ಕೆ ಕಿರಿದುಗೊಳಿಸಿದರೆ ಕೆಲಸದ ಮೇಜಿನ ನಿಯಮಗಳು ದೊರೆಯುತ್ತವೆ. ಬೆಟ್ಟದ ಸ್ಥಾನದಲ್ಲಿ ಬೆನ್ನ ಹಿಂದಿನ ಗಟ್ಟಿ ಗೋಡೆ. ಬಯಲಿನ ಸ್ಥಾನದಲ್ಲಿ ಮೇಜಿನ ಮುಂದಿನ ತೆರವು. ಕುಳಿತವರಿಗೆ ಬಾಗಿಲು ಕಾಣುತ್ತಿರಬೇಕು, ಆದರೆ ಮೇಜು ಬಾಗಿಲಿನ ನೇರಕ್ಕೆ ಇರಬಾರದು. ಇದನ್ನು ‘ಅಧಿಪತ್ಯದ ಸ್ಥಾನ’ ಎಂದು ಕರೆಯುತ್ತಾರೆ. ತಲೆಯ ಮೇಲೆ ತೊಲೆ ಹಾಯ್ದಿರಬಾರದು, ಚೂಪಾದ ಮೂಲೆಗಳು ಕುಳಿತವರತ್ತ ಚಾಚಿರಬಾರದು, ಬೇಡದ ಸಾಮಾನು ರಾಶಿ ಬಿದ್ದಿರಬಾರದು, ಒಂದು ಹಸಿರು ಗಿಡವಿದ್ದರೆ ಲೇಸು ಎಂಬುವು ಉಳಿದ ಸೂಚನೆಗಳು.

ಇವುಗಳಲ್ಲಿ ಹಲವಕ್ಕೆ ಛೀಯ ನೆರವಿಲ್ಲದೆಯೇ ಕಾರಣ ಹೇಳಬಹುದು. ಬೆನ್ನ ಹಿಂದೆ ಜನ ಸುಳಿದಾಡುತ್ತಿದ್ದರೆ ಗಮನದ ಒಂದು ಪಾಲು ಸದಾ ಅತ್ತ ಹರಿಯುತ್ತದೆ. ಬಾಗಿಲು ಕಣ್ಣಳತೆಯಲ್ಲಿದ್ದರೆ ತಿರುಗಿ ನೋಡುವ ಶ್ರಮ ಉಳಿಯುತ್ತದೆ. ತನ್ನನ್ನು ಮರೆಯಾಗಿಸಿಕೊಂಡು ಸುತ್ತಲನ್ನು ಕಾಣಬಲ್ಲ ಜಾಗವನ್ನು ಮನುಷ್ಯ ಸಹಜವಾಗಿ ಮೆಚ್ಚುತ್ತಾನೆಂದು ಬ್ರಿಟನ್ನಿನ ಭೂಗೋಳಜ್ಞ ಜೇ ಆಪಲ್ಟನ್ 1975ರಲ್ಲಿ ವಾದಿಸಿದರು. ಶಸ್ತ್ರಚಿಕಿತ್ಸೆಯ ಬಳಿಕ ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದ 23 ರೋಗಿಗಳು, ಇಟ್ಟಿಗೆಯ ಗೋಡೆಯನ್ನಷ್ಟೇ ಕಾಣುತ್ತಿದ್ದ 23 ರೋಗಿಗಳಿಗಿಂತ ಬೇಗ ಮನೆಗೆ ಮರಳಿದರೆಂದು ರೋಜರ್ ಉಲ್ರಿಚ್ 1984ರಲ್ಲಿ ವರದಿ ಮಾಡಿದರು. ರೋಗಿಗಳ ಕುರಿತ ಆ ಫಲಿತಾಂಶವನ್ನು ಓದುವವರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಕಣ್ಣಿಗೆ ಹಸಿರು ದೊರೆಯುವಂತೆ ಕೂರುವುದರಿಂದ ನಷ್ಟವಂತೂ ಇಲ್ಲ.

ದಿಕ್ಕಿನ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಬೀಜಿಂಗ್ ನಗರವಿರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ನಮ್ಮ ಕಾಸರಗೋಡಿರುವುದು ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ನಾವು ತಪ್ಪಿಸಿಕೊಳ್ಳಬೇಕಾದುದು ಉತ್ತರದ ಹಿಮಗಾಳಿಯನ್ನಲ್ಲ, ನೈಋತ್ಯದಿಂದ ಅಪ್ಪಳಿಸುವ ಮಳೆಯನ್ನು ಮತ್ತು ಪಡುವಣದ ಸಂಜೆಬಿಸಿಲನ್ನು. ಚೀನಾದ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಜೂನ್ ತಿಂಗಳಲ್ಲಿ ಪುಸ್ತಕ ತೊಯ್ದೀತು. ನಿಯಮದ ಹಿಂದಿನ ಕಾರಣವನ್ನು ಗ್ರಹಿಸಿ, ಅದನ್ನು ನಮ್ಮ ನೆಲಕ್ಕೆ ಹೊಂದಿಸಿಕೊಳ್ಳುವುದೇ ಜಾಣತನ. ಸುಣ್ಣ-ಬಣ್ಣಗಳಂತೆ ದಿಕ್ಕುಗಳನ್ನು ಪರದೇಶದಿಂದ ತರಿಸಲಾಗದು.

ಇನ್ನು ಹೊಟ್ಟಿನ ಪಾಲು. ನಗುವ ಬುದ್ಧನೆಂದು ಮಾರಾಟವಾಗುವ ಮೂರ್ತಿ ಶಾಕ್ಯಮುನಿಯದಲ್ಲ; ಹತ್ತನೆಯ ಶತಮಾನದ ಬುದೈ ಎಂಬ ಚೀನೀ ಭಿಕ್ಷುವಿನದು. ಅದನ್ನು ಮೇಜಿನ ಮೇಲಿರಿಸಿದರೆ ವಿದ್ಯೆ ಹತ್ತುತ್ತದೆಂಬುದಕ್ಕೆ ಆಧಾರವಿಲ್ಲ. ಇಂಥ ನಂಬಿಕೆಗಳನ್ನು ಪ್ರಶ್ನಿಸಿದವರು ಚೀನಾದಲ್ಲೇ ಇದ್ದರು. ಮನೆಯ ಬಾಗಿಲಿನ ದಿಕ್ಕು ಯಜಮಾನನ ಕುಲನಾಮದ ಧ್ವನಿಗೆ ಹೊಂದಬೇಕೆಂಬ ಲೆಕ್ಕಾಚಾರವನ್ನು ಕ್ರಿ.ಶ. ಒಂದನೆಯ ಶತಮಾನದ ಚಿಂತಕ ವಾಂಗ್ ಛುಂಗ್ ತನ್ನ ‘ಲುನ್ ಹೆಂಗ್’ ಗ್ರಂಥದಲ್ಲಿ ತರ್ಕಬದ್ಧವಾಗಿ ಖಂಡಿಸಿದ್ದಾನೆ. ಸಂಶಯವು ಪರಂಪರೆಗೆ ಹೊರಗಿನದಲ್ಲ, ಅದರ ಒಂದು ಭಾಗವೇ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಬಾಡಿಗೆ ಕೋಣೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಇರುವವರು, ಇಡೀ ಮನೆಗೊಂದೇ ಮೇಜಿರುವವರು ಏನು ಮಾಡಬಹುದು? ಗೋಡೆಗೆ ಬೆನ್ನಾಗಿ, ಬಾಗಿಲು ಓರೆಯಾಗಿ ಕಾಣುವಂತೆ ಕೂರಬಹುದು. ಬಲಗೈಯಲ್ಲಿ ಬರೆಯುವವರು ಬೆಳಕು ಎಡದಿಂದ ಬೀಳುವಂತೆ ನೋಡಿಕೊಂಡರೆ ಕೈಯ ನೆರಳು ಅಕ್ಷರವನ್ನು ಮುಚ್ಚುವುದಿಲ್ಲ. ಎಡಚರಿಗೆ ಬಲದ ಬೆಳಕು. ಗಣಕಯಂತ್ರದ ಪರದೆಯನ್ನು ಕಿಟಕಿಗೆ ಅಡ್ಡವಾಗಿರಿಸಿದರೆ ಪ್ರತಿಫಲನ ತಗ್ಗುತ್ತದೆ. ಆ ಹೊತ್ತಿಗೆ ಬೇಡದ ಪುಸ್ತಕವನ್ನೂ ದೂರವಾಣಿಯನ್ನೂ ಕೈಗೆಟುಕದಷ್ಟು ದೂರವಿಡಬಹುದು. ಮೇಜೇ ಇಲ್ಲದವರು ಚಾಪೆಯ ಮೇಲೆ ಕುಳಿತರೂ ಈ ಕ್ರಮಗಳಲ್ಲಿ ಹೆಚ್ಚಿನವು ಸಾಧ್ಯ. ಇವುಗಳಲ್ಲಿ ಒಂದಕ್ಕೂ ಕಾಸು ಖರ್ಚಿಲ್ಲ.

ಒಳ್ಳೆಯ ಜಾಗವು ಓದಿಗೆ ಅಡ್ಡಿಯಾಗದಂತೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ; ನಮ್ಮ ಪರವಾಗಿ ತಾನೇ ಓದುವುದಿಲ್ಲ. ಗಾಳಿ, ಬೆಳಕು, ತೆರವು ಇಷ್ಟನ್ನು ಒದಗಿಸಿಕೊಂಡ ಮೇಲೆ ಉಳಿಯುವುದು ಪುಟ ತಿರುವುವ ಕೆಲಸ. ಅದಕ್ಕೆ ಎಂಟು ದಿಕ್ಕುಗಳೂ ಶುಭವೇ.